ಕೈಯಲ್ಲೇ ಹೆಣೆದ ಸಂತೆ ಚೀಲ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಚೀಲವನ್ನ ಬೆಂಗಳೂರಲ್ಲಿ ಕವರ್ ಅಂತಾರೆ, ಮಂಗಳೂರಲ್ಲಿ ತೊಟ್ಟೆ, ಶಿರಸಿ ಕಡೆ ಕೊಟ್ಟೆ. ಹೆಸರು ಯಾವುದಾದರೂ ಮನೆಗೆ ಬಂದ ಮೇಲೆ ಅದು ಸೇರುವ ಜಾಗ ಒಂದೇ. ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ, ಆ ಮೊಳೆಗೆ ಒಂದು ದೊಡ್ಡ ಕವರ್, ಅದರೊಳಗೆ ನೂರಾರು ಸಣ್ಣ ಕವರ್. ನಮ್ಮ ಮನೆಯಲ್ಲೂ ಹಾಗೇ ಇತ್ತು. ಆರು ವರ್ಷದಿಂದ ನಾನು ಹತ್ತಿ ನೂಲಿನಲ್ಲಿ ಕ್ರೋಶಾ (ತುದಿಗೆ ಕೊಕ್ಕೆ ಇರುವ ಒಂದೇ ಕಡ್ಡಿಯ ಹೆಣಿಗೆ) ಚೀಲ ಹೆಣೆದು ಅದರಲ್ಲೇ ತರಕಾರಿ ತರುತ್ತಿದ್ದೇನೆ. ಈಗ ಆ ಮೊಳೆಗೆ ಎರಡು ಚೀಲ ಮಾತ್ರ ನೇತಾಡುತ್ತವೆ.

ಚೀಲ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಕ್ರೋಶಾ ಗೊತ್ತೇ ಇಲ್ಲ. ಕಲಿಯೋಕೆ ಎಷ್ಟು ದಿನ ಬೇಕು?

ಚೀಲಕ್ಕೆ ಬೇಕಾಗೋದು ನಾಲ್ಕೇ ಹೊಲಿಗೆ: ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ), ಸ್ಲಿಪ್ ಸ್ಟಿಚ್ (ಜೋಡಿಸುವ ಹೊಲಿಗೆ), ಸಿಂಗಲ್ ಕ್ರೋಶಾ (ಗಿಡ್ಡ ಹೊಲಿಗೆ), ಡಬಲ್ ಕ್ರೋಶಾ (ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ಹಾಕುವ ಎತ್ತರದ ಹೊಲಿಗೆ). ದಿನಕ್ಕೆ ಅರ್ಧ ಗಂಟೆ ಕೂತರೆ ಒಂದು ವಾರದಲ್ಲಿ ಕೈಗೆ ಹತ್ತುತ್ತೆ. ಹೂ ಕಟ್ಟೋಕೆ ಬರುವವರಿಗೆ ಇನ್ನೂ ಬೇಗ. ಎಡಗೈ ಬೆರಳಲ್ಲಿ ದಾರವನ್ನು ಹದವಾಗಿ ಎಳೆದು ಹಿಡಿಯುವ ಅಭ್ಯಾಸ ಅವರಿಗೆ ಮೊದಲೇ ಇರುತ್ತೆ. ಕ್ರೋಶಾದಲ್ಲಿ ಕಷ್ಟ ಅನ್ನಿಸೋದು ಅದೊಂದೇ.

ನನಗೆ ಕಲಿಸಿದ್ದು ನಮ್ಮ ದೊಡ್ಡಮ್ಮ. ಮೊದಲ ಮೂರು ದಿನ ಚೈನ್ ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. "ಎಲ್ಲ ಕುಣಿಕೆನೂ ಒಂದೇ ಅಳತೆಗೆ ಬರೋವರೆಗೂ ಹಾಕ್ತಾ ಇರು" ಅಂದಿದ್ದರು. ನೀವೂ ಹಾಗೇ ಮಾಡಿ. ಒಂದು ಮಾರುದ್ದ ಚೈನ್ ಹಾಕಿ, ಬಿಚ್ಚಿ, ಮತ್ತೆ ಹಾಕಿ. ನೂಲು ಎಲ್ಲೂ ಹೋಗಲ್ಲ, ಬಿಚ್ಚಿದರೆ ಪೂರ್ತಿ ವಾಪಸ್ ಸಿಗುತ್ತೆ.

ಎರಡು ಕಡ್ಡಿಯ ನಿಟ್ಟಿಂಗ್ ನನಗೆ ಬರುತ್ತೆ. ಅದರಲ್ಲಿ ಮಾಡಬಾರದಾ?

ಮಾಡಬಹುದು. ಆದರೆ ಸ್ವೆಟರ್ ಹೆಣೆಯುವ ಹೊಲಿಗೆ ಎಳೆದರೆ ಹಿಗ್ಗಲಿ ಅಂತಲೇ ಇರೋದು. ತಲೆ ತೂರಿಸುವಾಗ ಸ್ವೆಟರ್ ಹಿಗ್ಗಬೇಕಲ್ವಾ? ಚೀಲಕ್ಕೆ ಆ ಗುಣವೇ ತೊಂದರೆ. ಇನ್ನೊಂದು ವಿಷಯ, ನಿಟ್ಟಿಂಗಲ್ಲಿ ಒಂದು ಕುಣಿಕೆ ಹರಿದರೆ ಮೇಲಿಂದ ಕೆಳಗೆ ಏಣಿಯ ಹಾಗೆ ಬಿಚ್ಚಿಕೊಂಡು ಹೋಗುತ್ತೆ. ಕ್ರೋಶಾದಲ್ಲಿ ಒಂದೊಂದು ಹೊಲಿಗೆಯೂ ಅಲ್ಲಲ್ಲೇ ಬಿಗಿದುಕೊಂಡಿರುತ್ತೆ.

ನಿಟ್ಟಿಂಗೇ ಇಷ್ಟ ಅನ್ನುವವರು ಸಣ್ಣ ಕಡ್ಡಿ ಹಿಡಿದು ಬಿಗಿಯಾಗಿ ಹೆಣೆಯಿರಿ. ಒಂದು ಸೀದಾ, ಒಂದು ಉಲ್ಟಾ, ಮುಂದಿನ ಸಾಲಲ್ಲಿ ಅದಲುಬದಲು ಮಾಡುವ ಕಾಳು ಕಾಳಿನ ಹೆಣಿಗೆ ಕಡಿಮೆ ಜೋಲುತ್ತೆ. ಹಿಡಿಕೆಗೆ ಮಾತ್ರ ಬಟ್ಟೆ ಪಟ್ಟಿ ಹೊಲಿದುಬಿಡಿ.

ಯಾವ ನೂಲು ತಗೋಬೇಕು?

ಹತ್ತಿ. ಮಿಕ್ಕಿದ್ದೆಲ್ಲ ಆಮೇಲೆ.

ಅಂಗಡಿಯಲ್ಲಿ "ಉಲ್ಲನ್ ದಾರ" ಅಂತ ಬಣ್ಣಬಣ್ಣದ ಉಂಡೆ ಕೊಡುತ್ತಾರೆ. ಬಾಗಿಲ ತೋರಣ, ಟಿವಿ ಮೇಲಿನ ಹೊದಿಕೆ ಹಾಕುತ್ತಿದ್ದೆವಲ್ಲ, ಅದೇ. ಅದರಲ್ಲಿ ಕುರಿ ಉಣ್ಣೆ ಇರೋದು ಅಪರೂಪ, ಹೆಚ್ಚಿನದು ಅಕ್ರಿಲಿಕ್. ಅಕ್ರಿಲಿಕ್ ಅಂದರೆ ಎಳೆ ಎಳೆಯಾಗಿ ಎಳೆದ ಪ್ಲಾಸ್ಟಿಕ್ಕೇ. ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಬಿಟ್ಟು ನೀರಿನ ಜೊತೆ ಚರಂಡಿ ಸೇರುತ್ತವೆ. ಪ್ಲಾಸ್ಟಿಕ್ ಬಿಡಬೇಕು ಅಂತ ಹೊರಟು ಪ್ಲಾಸ್ಟಿಕ್ ಹೆಣೆದ ಹಾಗಾಗುತ್ತೆ. ಅದು ಹಿಗ್ಗೋದೂ ಜಾಸ್ತಿ.

ಹತ್ತಿಯಲ್ಲಿ ಎಂಟು ಪ್ಲೈ ನೂಲು ಕೇಳಿ (ಪ್ಲೈ ಅನ್ನೋದು ನೂಲಿನ ದಪ್ಪದ ಲೆಕ್ಕ). ಹೂ ಕಟ್ಟುವ ದಾರಕ್ಕಿಂತ ದಪ್ಪ ಇರುತ್ತೆ. ಅದಕ್ಕೆ 4 ಮಿ.ಮೀ. ಕ್ರೋಶಾ ಕಡ್ಡಿ ಸರಿಯಾಗುತ್ತೆ. ತೆಳು ನೂಲು ಮಾತ್ರ ಸಿಕ್ಕರೆ ಎರಡೆಳೆ ಸೇರಿಸಿ ಹೆಣೆಯಿರಿ. ತಗೊಳ್ಳುವ ಮುಂಚೆ ಒಂದೆಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಹಿಸಿದುಕೊಂಡು ಬಂದರೆ ಅದಕ್ಕೆ ಹುರಿ ಸಾಲದು, ಚೀಲಕ್ಕೆ ಬೇಡ.

ಸೆಣಬಿನ ಹುರಿ ಗಟ್ಟಿ, ಆದರೆ ಬೆರಳು ಉರಿಯುತ್ತೆ, ಮಳೆಗಾಲದಲ್ಲಿ ಒದ್ದೆಯಾದರೆ ಒಂಥರಾ ವಾಸನೆ ಹಿಡಿಯುತ್ತೆ. ಬಾಳೆ ನಾರಿನ ಚೀಲ ನೋಡಬೇಕು ಅಂದರೆ ಹಂಪಿಗೆ ಹೋದಾಗ ಹೊಳೆ ದಾಟಿ ಆನೆಗೊಂದಿಗೆ ಹೋಗಿ ಬನ್ನಿ. ಅಲ್ಲಿನ ಹೆಂಗಸರು ಬಾಳೆ ನಾರನ್ನು ಹುರಿ ಮಾಡಿ ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. ಗೊನೆ ಕಡಿದ ಮೇಲೆ ಬಿಸಾಕುವ ದಿಂಡಿನ ಪಟ್ಟೆಯಿಂದ ಬರುವ ನಾರು ಅದು.

ಎಷ್ಟು ನೂಲು ಬೇಕಾಗುತ್ತೆ?

ಬಲೆ ಥರದ ಚೀಲಕ್ಕೆ 100ರಿಂದ 150 ಗ್ರಾಂ. ತೂತಿಲ್ಲದ ಹಾಗೆ ಒತ್ತಾಗಿ ಹೆಣೆದರೆ ಅದರ ಎರಡರಷ್ಟು. ಒಂದೇ ಬಣ್ಣ ಬೇಕಾದರೆ ಎಲ್ಲ ಉಂಡೆನೂ ಒಟ್ಟಿಗೇ ತಗೊಳ್ಳಿ. ತಿಂಗಳು ಬಿಟ್ಟು ಹೋದರೆ ಅದೇ ಹಸಿರು ಸಿಗೋದು ಕಷ್ಟ.

ಶುರು ಮಾಡೋದು ಹೇಗೆ? ಲೆಕ್ಕ ಹೇಳ್ತೀರಾ?

ನಾನು ಯಾವಾಗಲೂ ಹಾಕುವ ಲೆಕ್ಕ ಇದು. ಎಂಟು ಪ್ಲೈ ಹತ್ತಿ, 4 ಮಿ.ಮೀ. ಕಡ್ಡಿ.

ಮೊದಲು ತಳ. ನಾಲ್ಕು ಚೈನ್ ಹಾಕಿ, ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ ಉಂಗುರ ಮಾಡಿ. ಉಂಗುರದೊಳಗೆ 12 ಡಬಲ್ ಕ್ರೋಶಾ. ಎರಡನೇ ಸುತ್ತಲ್ಲಿ ಒಂದೊಂದರ ಮೇಲೂ ಎರಡೆರಡು, 24 ಆಗುತ್ತೆ. ಮೂರನೇ ಸುತ್ತಲ್ಲಿ ಒಂದು ಬಿಟ್ಟು ಒಂದರ ಮೇಲೆ ಎರಡು, 36. ಹೀಗೆ ಸುತ್ತಿಗೆ 12 ಹೆಚ್ಚಿಸುತ್ತಾ ಆರನೇ ಸುತ್ತಿಗೆ 72ಕ್ಕೆ ನಿಲ್ಲಿಸಿ. ಒಂದು ದೊಡ್ಡ ಪೂರಿಯಷ್ಟು ಅಗಲದ ತಟ್ಟೆ ಸಿಗುತ್ತೆ. ಅದು ನೆಲದ ಮೇಲೆ ಚಪ್ಪಟೆಯಾಗಿ ಕೂರಬೇಕು. ಬಟ್ಟಲಿನ ಹಾಗೆ ಮೇಲೆ ಮುದುಡಿದರೆ ಎಲ್ಲೋ ಹೆಚ್ಚಿಸೋದು ಮರೆತಿದ್ದೀರಿ. ಸೀರೆ ನೆರಿಗೆ ಹಾಗೆ ಅಲೆ ಎದ್ದರೆ ಜಾಸ್ತಿ ಹೆಚ್ಚಿಸಿದ್ದೀರಿ. ಅಲ್ಲೇ ಬಿಚ್ಚಿ ಎಣಿಸಿ, ಮುಂದೆ ಹೋದರೆ ತಾನಾಗಿ ಸರಿ ಹೋಗಲ್ಲ.

ಆಮೇಲೆ ಬಲೆ. ಐದು ಚೈನ್ ಹಾಕಿ, ಎರಡು ಹೊಲಿಗೆ ಬಿಟ್ಟು ಮೂರನೆಯದಕ್ಕೆ ಸಿಂಗಲ್ ಕ್ರೋಶಾ. ಸುತ್ತ ಹೀಗೇ ಹೋದರೆ 24 ಕಮಾನು ಬರುತ್ತವೆ. ಮುಂದಿನ ಸುತ್ತಿನಿಂದ ಐದು ಚೈನ್, ಕೆಳಗಿನ ಕಮಾನಿನ ನಡುವಿಗೆ ಸಿಂಗಲ್ ಕ್ರೋಶಾ. ಇಷ್ಟೇ, ಇನ್ನೇನೂ ಇಲ್ಲ. 18ರಿಂದ 20 ಸುತ್ತು ಆಗೋವರೆಗೂ ಸುಮ್ನೆ ಹೆಣೆಯುತ್ತಾ ಹೋಗಬಹುದು. ಬಸ್ಸಲ್ಲಿ, ಆಸ್ಪತ್ರೆ ಸಾಲಲ್ಲಿ, ಮಗುವಿನ ಡ್ಯಾನ್ಸ್ ಕ್ಲಾಸ್ ಹೊರಗೆ ಕೂತು ಮಾಡೋಕೆ ಇದಕ್ಕಿಂತ ಒಳ್ಳೆಯ ಕೆಲಸ ನಾನು ಕಂಡಿಲ್ಲ. ಕಣ್ಣು ಬೇರೆ ಕಡೆ ಇದ್ದರೂ ಕೈ ನಡೆಯುತ್ತೆ.

ಕೊನೆಗೆ ಬಾಯಿ. ಒಂದೊಂದು ಕಮಾನಿಗೂ ಮೂರು ಸಿಂಗಲ್ ಕ್ರೋಶಾ ಹಾಕಿದರೆ ಮತ್ತೆ 72. ಹಾಗೇ ನಾಲ್ಕು ಸುತ್ತು ಬಿಗಿಯಾಗಿ ಹಾಕಿ. ಹಿಡಿಕೆಗೆ ಬಾಯಿಯ ಮೇಲೇ ಎಂಟು ಹೊಲಿಗೆಯಷ್ಟು ಅಗಲ ಹಿಡಿದು, ಆ ಕಡೆ ಈ ಕಡೆ ಸಿಂಗಲ್ ಕ್ರೋಶಾ ಹಾಕುತ್ತಾ 45 ಸೆಂ.ಮೀ. ಉದ್ದ ಹೆಣೆಯಿರಿ. 28 ಹೊಲಿಗೆ ಬಿಟ್ಟು ಎದುರುಗಡೆಯ ಎಂಟಕ್ಕೆ ಜೋಡಿಸಿ. ಇನ್ನೊಂದು ಬದಿಗೂ 28 ಉಳಿದರೆ ಲೆಕ್ಕ ಸರಿ ಬಂದಿದೆ ಅಂತ.

ಮೊದಲ ಚೀಲಕ್ಕೆ ಹತ್ತು ಗಂಟೆ ಹಿಡಿದರೂ ಬೇಸರ ಬೇಡ. ಕೈ ಪಳಗಿದ ಮೇಲೆ ನನಗೆ ಆರೇಳು ಗಂಟೆ ಸಾಕು.

ವಿಡಿಯೊದಲ್ಲಿ ಸಿಂಗಲ್ ಅಂದಿದ್ದನ್ನ ಪುಸ್ತಕದಲ್ಲಿ ಡಬಲ್ ಅಂತ ಬರೆದಿದ್ದಾರೆ. ಯಾವುದು ಸರಿ?

ಎರಡೂ ಸರಿ. ಅಮೆರಿಕದವರು ಸಿಂಗಲ್ ಅನ್ನೋದನ್ನ ಇಂಗ್ಲೆಂಡಿನವರು ಡಬಲ್ ಅಂತಾರೆ. ಅಮೆರಿಕದ ಡಬಲ್ ಇಂಗ್ಲೆಂಡಿನವರಿಗೆ ಟ್ರೆಬಲ್. ನಾನು ಇಲ್ಲಿ ಬರೆದಿರೋದು ಅಮೆರಿಕದ ಲೆಕ್ಕ. ಯಾವ ವಿನ್ಯಾಸ ಕೈಗೆತ್ತಿಕೊಂಡರೂ ಮೊದಲು ಇದನ್ನ ನೋಡಿಕೊಳ್ಳಿ, ಇಲ್ಲದಿದ್ದರೆ ಅರ್ಧ ಹೆಣೆದ ಮೇಲೆ ಅಳತೆ ಪೂರ್ತಿ ತಪ್ಪಿರುತ್ತೆ.

ಚೀಲ ಜೋತು ಬೀಳುತ್ತೆ. ಏನು ಮಾಡಲಿ?

ನನ್ನ ಮೊದಲ ಚೀಲಕ್ಕೂ ಹಾಗೇ ಆಯಿತು. ಅಕ್ರಿಲಿಕ್ ದಾರ, ದೊಡ್ಡ ದೊಡ್ಡ ಕಮಾನು, ಉದ್ದ ಹಿಡಿಕೆ. ಸಂತೆಯಲ್ಲಿ ಮೂರು ಕೆಜಿ ಆಲೂಗಡ್ಡೆ ಹಾಕಿಸಿಕೊಂಡೆ. ಅಂಗಡಿ ಬಿಡುವಾಗ ಸೊಂಟದ ಹತ್ತಿರ ಇದ್ದ ಚೀಲ ಬಸ್ ಸ್ಟಾಂಡ್ ತಲುಪೋ ಹೊತ್ತಿಗೆ ಮೊಣಕಾಲಿಗೆ ಬಡಿಯುತ್ತಿತ್ತು. ಹಿಡಿಕೆ ದಾರದ ಹಾಗೆ ಸಣ್ಣಗಾಗಿ ಹೆಗಲಿಗೆ ಕೊರೆಯುತ್ತಿತ್ತು. ಮನೆಗೆ ಬಂದು ನೋಡಿದರೆ ಹೆಗಲ ಮೇಲೆ ಕೆಂಪು ಬರೆ.

ಬಲೆ ಸ್ವಲ್ಪ ಹಿಗ್ಗಬೇಕು, ಅದು ತಪ್ಪಲ್ಲ. ಖಾಲಿ ಇದ್ದಾಗ ಅಂಗೈಯಲ್ಲಿ ಮುದುಡಿ ಹಿಡಿಯಬಹುದು, ತುಂಬಿದಾಗ ಐದು ಕೆಜಿ ಹಿಡಿಸುತ್ತೆ, ಅದೇ ಅದರ ಗುಣ. ಹಳೆ ಮನೆಗಳ ಅಡುಗೆಮನೆಯಲ್ಲಿ ಬೆಣ್ಣೆ ಗಡಿಗೆ ಇಡುತ್ತಿದ್ದ ನೆಲುವು ನೆನಪಿದೆಯಾ? ತೊಲೆಯಿಂದ ನೇತಾಡುತ್ತಿದ್ದ ಹಗ್ಗದ ಬಲೆ. ಗಡಿಗೆ ಇಟ್ಟಾಗ ಅಗಲವಾಗಿ, ತೆಗೆದಾಗ ಸಪೂರವಾಗಿ ನಿಲ್ಲುತ್ತಿತ್ತು. ನಮ್ಮ ಚೀಲವೂ ಅದೇ ಜಾತಿ.

ಹಿಗ್ಗಬಾರದ್ದು ಹಿಡಿಕೆ. ಹಿಡಿಕೆಯನ್ನು ನಿಮಗೆ ಬೇಕಾದ ಉದ್ದಕ್ಕಿಂತ ಕಾಲು ಭಾಗ ಕಡಿಮೆ ಮಾಡಿ, ತೂಕ ಬಿದ್ದಾಗ ಅಳತೆಗೆ ಬರುತ್ತೆ. ಅಗಲ ಎಂಟು ಹೊಲಿಗೆಗಿಂತ ಕಡಿಮೆ ಬೇಡ. ಹೆಣೆದ ಮೇಲೆ ಎರಡೂ ಅಂಚಿಗೆ ಒಂದು ಸಾಲು ಸ್ಲಿಪ್ ಸ್ಟಿಚ್ ಓಡಿಸಿದರೆ ಅಂಚು ಹಗ್ಗದಂತೆ ಗಟ್ಟಿಯಾಗುತ್ತೆ. ಇನ್ನೂ ಭಯ ಇದ್ದರೆ ಹಿಡಿಕೆಯ ಒಳಮೈಗೆ ಹಳೇ ಪ್ಯಾಂಟಿನ ಪಟ್ಟಿ ಕತ್ತರಿಸಿ ಹೊಲಿಯಿರಿ. ಬಲೆಗೆ ಐದು ಚೈನಿಗಿಂತ ಜಾಸ್ತಿ ಬೇಡ.

ಎಷ್ಟು ಭಾರ ತಡೆಯುತ್ತೆ?

ನಾನು ಐದು ಕೆಜಿವರೆಗೆ ಧೈರ್ಯವಾಗಿ ಹಾಕುತ್ತೇನೆ. ಹರಿಯೋದು ಯಾವಾಗಲೂ ಎರಡೇ ಜಾಗದಲ್ಲಿ: ಹಿಡಿಕೆ ಸೇರುವ ಮೂಲೆ, ಇಲ್ಲಾ ತಳದ ನಡುವಿನ ಉಂಗುರ. ಆ ಎರಡು ಕಡೆ ನೂಲು ಮುಗಿದು ಗಂಟು ಬೀಳದಂತೆ ನೋಡಿಕೊಳ್ಳಿ. ಕೊನೆಯ ಎಳೆಯನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ, ಮೂರು ದಿಕ್ಕಿಗೆ ಒಳಗೊಳಗೇ ಓಡಿಸಿ. ಗಂಟು ಹಾಕಿ ಮೊಟಕಾಗಿ ಕತ್ತರಿಸಿದರೆ ನಾಲ್ಕನೇ ಒಗೆತಕ್ಕೆ ಬಿಚ್ಚಿಕೊಳ್ಳುತ್ತೆ.

ಹಸಿಮೆಣಸಿನಕಾಯಿ, ಬೀನ್ಸ್ ತೂತಿನಿಂದ ಜಾರಲ್ವಾ?

ಜಾರುತ್ತೆ. ಮೆಣಸಿನಕಾಯಿ ಅಂತೂ ತೊಟ್ಟು ಮುಂದೆ ಮಾಡಿಕೊಂಡು ಒಂದೊಂದೇ ಹೊರಗೆ ಬರುತ್ತೆ. ಅದಕ್ಕೆ ಬಲೆ ಚೀಲದ ಜೊತೆಗೆ ಮೂರು ನಾಲ್ಕು ಸಣ್ಣ ಬಟ್ಟೆ ಚೀಲ ಬೇಕು. ಹಳೇ ಪಂಚೆ, ವಾಯಿಲ್ ಸೀರೆ, ದಿಂಬಿನ ಕವರ್ ಯಾವುದಾದರೂ ಆಗುತ್ತೆ. ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಬಾಯಿಗೆ ಲಾಡಿ. ತೆಳು ಬಟ್ಟೆಯಾದರೆ ತಕ್ಕಡಿಯಲ್ಲಿ ತೂಕವೂ ಅಷ್ಟಾಗಿ ಗೊತ್ತಾಗಲ್ಲ. ಕೊತ್ತಂಬರಿ, ಮೆಂತ್ಯ ಸೊಪ್ಪನ್ನು ಮನೆಗೆ ಬಂದ ಮೇಲೆ ಅದೇ ಚೀಲ ಒದ್ದೆ ಮಾಡಿ ಹಿಂಡಿ, ಅದರಲ್ಲೇ ಫ್ರಿಜ್ಜಲ್ಲಿ ಇಡುತ್ತೇನೆ.

ನಮ್ಮ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಮೊದಮೊದಲು "ಕವರ್ ಕೊಡ್ಲಾ ತಾಯಿ?" ಅಂತ ಕೇಳುತ್ತಿದ್ದರು. ಈಗ ನನ್ನ ಕಂಡ ಕೂಡಲೇ ಚೀಲದ ಬಾಯಿ ಅಗಲಿಸಿ ಹಿಡಿಯೋಕೆ ಕೈ ಚಾಚುತ್ತಾರೆ. ಕವರು ಅವರಿಗೂ ಖರ್ಚೇ ಅಲ್ವಾ.

ಹಳೇ ಸೀರೆಯಿಂದ ಹೆಣೆಯಬಹುದಾ?

ಖಂಡಿತ. ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಹೊಸ ಹತ್ತಿ ಬೆಳೆಯಬೇಕಿಲ್ಲ, ಬಣ್ಣ ಹಾಕಬೇಕಿಲ್ಲ. ಬೀರುವಿನ ತಳದಲ್ಲಿ ಮಡಿಸಿಟ್ಟ, ಯಾರಿಗೂ ಕೊಡಲಾಗದ, ಬಿಸಾಕಲೂ ಮನಸ್ಸಾಗದ ಹತ್ತಿ ಸೀರೆ ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತೆ. ಉತ್ತರ ಕರ್ನಾಟಕದಲ್ಲಿ ಇಂಥ ಸೀರೆಗಳೇ ಕೌದಿ ಆಗುತ್ತವೆ. ಕೌದಿಗೆ ಸಾಲದೆ ಉಳಿದ ತುಂಡೂ ಚೀಲಕ್ಕೆ ಬರುತ್ತೆ.

ಸೆರಗು, ಗಟ್ಟಿ ಅಂಚು ಕತ್ತರಿಸಿ ಪಕ್ಕಕ್ಕಿಡಿ. ಎರಡು ಇಂಚಿಗೊಂದು ಗುರುತು ಮಾಡಿ, ಗುರುತಲ್ಲಿ ಕತ್ತರಿ ಹಾಕಿ, ಉದ್ದಕ್ಕೆ ಪರ್ ಅಂತ ಹರಿಯಿರಿ. ಹತ್ತಿ ಸೀರೆ ನೂಲಿನ ಜಾಡಲ್ಲೇ ಹರಿಯುತ್ತೆ, ಕತ್ತರಿಗಿಂತ ನೆಟ್ಟಗೆ. ಐದೂವರೆ ಮೀಟರಿನ ಸೀರೆಯಲ್ಲಿ ಸೆರಗು ಕಳೆದು ಐದು ಮೀಟರ್ ಉಳಿದು, ಇಪ್ಪತ್ತು ಪಟ್ಟಿ ಬಂದರೆ 100 ಮೀಟರ್ ಆಯಿತು. ಪಟ್ಟಿಗಳನ್ನು ತುದಿಗೆ ತುದಿ ಸೇರಿಸಿ ಹೊಲಿದು ಉಂಡೆ ಸುತ್ತಿ. ಇದಕ್ಕೆ 8ರಿಂದ 10 ಮಿ.ಮೀ. ದಪ್ಪ ಕಡ್ಡಿ ಬೇಕು. ಬಲೆ ಬೇಡ, ಸಿಂಗಲ್ ಕ್ರೋಶಾದಲ್ಲಿ ಬುಟ್ಟಿಯ ಹಾಗೆ ಹೆಣೆಯಿರಿ. ಹರಿಯುವಾಗ ಧೂಳು, ಎಳೆ ಏಳುತ್ತೆ, ಬಾಲ್ಕನಿಯಲ್ಲಿ ಕೂತು ಮಾಡಿ.

ಅಮ್ಮನ ಸೀರೆಯಿಂದ ಒಂದು ಹೆಣೆದಿದ್ದೇನೆ. ಕಂದು ಮೈ, ಅಲ್ಲಲ್ಲಿ ಹಳದಿ ಚುಕ್ಕೆ. ಸೀರೆಯಲ್ಲಿ ಸಾಲಾಗಿದ್ದ ಚುಕ್ಕೆಗಳು ಚೀಲದಲ್ಲಿ ಚೆಲ್ಲಾಪಿಲ್ಲಿಯಾಗಿ ಎಳ್ಳು ಎರಚಿದಂತೆ ಕಾಣುತ್ತವೆ. ಅಮ್ಮ ಅದನ್ನು ದೇವಸ್ಥಾನಕ್ಕೆ ಹೋಗುವಾಗ ಮಾತ್ರ ತಗೊಂಡು ಹೋಗುತ್ತಾರೆ, ತರಕಾರಿಗೆ ಮುಟ್ಟಲು ಬಿಡಲ್ಲ.

ಟೀ ಶರ್ಟಿಂದಲೂ ಆಗುತ್ತೆ. ಕಂಕುಳ ಕೆಳಗಿನ ಭಾಗ ಮಾತ್ರ ತಗೊಂಡು ಒಂದಿಂಚಿನ ಪಟ್ಟಿ ಸುರುಳಿಯಾಗಿ ಕತ್ತರಿಸಿ, ಎಳೆದರೆ ತಾನೇ ಸುತ್ತಿಕೊಂಡು ದಾರವಾಗುತ್ತೆ. ಪಾಲಿಯೆಸ್ಟರ್ ಸೀರೆ ಹರಿಯಲು ಹೋಗಬೇಡಿ, ಅಂಚೆಲ್ಲ ನೂಲು ಬಿಡುತ್ತೆ.

ಪ್ಲಾಸ್ಟಿಕ್ ಕವರನ್ನೇ ಕತ್ತರಿಸಿ ಹೆಣೆಯೋ ವಿಡಿಯೊ ನೋಡಿದೆ. ಅದು ಒಳ್ಳೇದಾ?

ಮನೆಯಲ್ಲಿ ಆಗಲೇ ಕವರ್ ರಾಶಿ ಇದ್ದರೆ, ಅದು ಕಸದ ಗಾಡಿಗೆ ಹೋಗೋ ಬದಲು ಚೀಲ ಆಗಲಿ ಅಂತ ಅನ್ನಿಸೋದು ಸಹಜ. ಕವರನ್ನು ಬಳೆ ಬಳೆಯಾಗಿ ಕತ್ತರಿಸಿ, ಒಂದಕ್ಕೊಂದು ಕುಣಿಕೆ ಹಾಕಿ ಉದ್ದ ಮಾಡುತ್ತಾರೆ. ಗಟ್ಟಿ ಇರುತ್ತೆ, ನೀರಿಗೆ ಹೆದರಲ್ಲ. ಆದರೆ ಬಿಸಿಲಲ್ಲಿ ಒಂದೆರಡು ವರ್ಷ ಇದ್ದರೆ ಪುಡಿಪುಡಿಯಾಗಿ ಉದುರುತ್ತೆ. ಉದುರಿದ ಚೂರು ಆಯೋಕೂ ಬರಲ್ಲ. ಹಾಗಾಗಿ ತರಕಾರಿ ಚೀಲಕ್ಕೆ ನಾನು ಬೇಡ ಅಂತೀನಿ. ಮನೆಯೊಳಗೆ, ಬಿಸಿಲು ಬೀಳದ ಕಡೆ, ಚಪ್ಪಲಿ ಬುಟ್ಟಿ, ಬಚ್ಚಲ ಬಾಗಿಲ ಮ್ಯಾಟ್ ಮಾಡಿ. ಅದಕ್ಕೋಸ್ಕರ ಹೊಸ ಕವರ್ ಕೇಳಿ ತರಬೇಡಿ.

ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಒಟ್ಟಿಗೆ ಒಣ ಕಸಕ್ಕೆ ಕೊಡಿ. ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ. ಮೂಲೆ ಕತ್ತರಿಸುವಾಗ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ.

ಅಜ್ಜಿ ಕಾಲದ ವೈರ್ ಬ್ಯಾಗ್ ಇದೆ. ಅದನ್ನ ಬಿಸಾಕಲಾ?

ದಯವಿಟ್ಟು ಬೇಡ! ಅದೂ ಪ್ಲಾಸ್ಟಿಕ್ ವೈರೇ, ನಿಜ. ಆದರೆ ಇಪ್ಪತ್ತು ಮೂವತ್ತು ವರ್ಷ ಸಂತೆಗೆ ಹೋಗಿ ಬಂದ ಬ್ಯಾಗ್ ಅದು. ಮುರಿಯೋವರೆಗೂ ಬಳಸಿ.

ಅಂಗಡಿಯವರು ಕೊಡುವ ಬಟ್ಟೆ ಬ್ಯಾಗೇ ಸಾಕಲ್ವಾ? ಹೆಣೆಯೋದು ಯಾಕೆ?

ಅದು ಬಟ್ಟೆನೇನಾ ಅಂತ ಮೊದಲು ನೋಡಿ. ಮೈಮೇಲೆ ಸಣ್ಣ ಸಣ್ಣ ಚುಕ್ಕೆ ಒತ್ತಿದಂತೆ ಇದ್ದು, ಅಂಚು ಕೆದರಿದರೆ ಉದ್ದ ನೂಲು ಬರದೆ ಹತ್ತಿಯಂತೆ ಪಿಸಿದರೆ, ಅದು ನಾನ್ ವೋವನ್. ಅಂದರೆ ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ಕೇ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಎರಡೂ ಕಾಣಬೇಕು. ಬಟ್ಟೆ ಅಂಗಡಿ, ಸ್ವೀಟ್ ಅಂಗಡಿ, ಮದುವೆ ಮನೆ ತಾಂಬೂಲ, ಎಲ್ಲ ಕಡೆ ಈಗ ಇದೇ. ಜನ ಬಟ್ಟೆ ಅಂದುಕೊಂಡು ಸಮಾಧಾನವಾಗಿ ತಗೊಳ್ಳುತ್ತಾರೆ, ನನಗೆ ನಿಜಕ್ಕೂ ಬೇಸರ ಆಗೋದು ಅಲ್ಲೇ. ಮನೆಗೆ ಬಂದಿದ್ದರೆ ಹರಿಯೋವರೆಗೂ ಬಳಸಿ. ಮುಂದಿನ ಸಲ ಬೇಡ ಅನ್ನಿ.

ನಿಜವಾದ ಬಟ್ಟೆ ಚೀಲ ನಾಲ್ಕು ನಿಮ್ಮ ಮನೆಯಲ್ಲಿ ಇದ್ದರೆ ಹೆಣೆಯುವ ಅಗತ್ಯವೇ ಇಲ್ಲ. ಆಸೆ ಇದ್ದರೆ ಹೆಣೆಯಿರಿ.

ಕಾನೂನು ಏನು ಹೇಳುತ್ತೆ?

ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಕೈಚೀಲ ನಿಷೇಧ. ತೆಳುವೋ ದಪ್ಪವೋ ಅನ್ನುವ ಭೇದ ಇಲ್ಲ. ದೇಶದ ಮಟ್ಟದಲ್ಲಿ ದಪ್ಪದ ಲೆಕ್ಕ ಇದೆ: 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾದದ್ದು, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದದ್ದು ಬೇಡ ಅಂತ. ನಾನ್ ವೋವನ್ ಚೀಲಕ್ಕೂ ಚದರ ಮೀಟರಿಗೆ 60 ಗ್ರಾಂ ಇರಲೇಬೇಕು ಅಂತ ನಿಯಮ ಬಂದಿದೆ.

ದಪ್ಪ ಯಾಕೆ ಮುಖ್ಯ ಅಂದರೆ, ತೆಳು ಕವರನ್ನು ಚಿಂದಿ ಆಯುವವರು ಮುಟ್ಟಲ್ಲ. ಒಂದು ಕೆಜಿ ಆಗೋಕೆ ಎಷ್ಟು ಕವರ್ ಬಗ್ಗಿ ಆಯಬೇಕು ಯೋಚಿಸಿ. ಯಾರೂ ಆಯದೆ ಉಳಿದದ್ದು ಮೋರಿಗೆ, ಕೆರೆಗೆ, ಹಸುವಿನ ಹೊಟ್ಟೆಗೆ. ಬಾಂಗ್ಲಾದೇಶ 2002ರಲ್ಲಿ ಪ್ರಪಂಚದಲ್ಲೇ ಮೊದಲು ತೆಳು ಕವರ್ ನಿಷೇಧಿಸಿತು. ನೆರೆ ಬಂದಾಗ ಚರಂಡಿಗಳೆಲ್ಲ ಕವರಿನಿಂದ ಕಟ್ಟಿಕೊಂಡದ್ದು ಅದಕ್ಕೆ ಕಾರಣ.

ಕಾನೂನು ಇದ್ದೂ ಸಂತೆಯಲ್ಲಿ ಕವರ್ ಸಿಗುತ್ತಲೇ ಇದೆ ಅನ್ನೋದು ನಮಗೆಲ್ಲ ಗೊತ್ತು. ಕೇಳುವವರು ಕಡಿಮೆಯಾದರೆ ಇಡುವವರೂ ಕಡಿಮೆಯಾಗುತ್ತಾರೆ ಅಂತ ನಾನು ನಂಬಿದ್ದೇನೆ.

ಹತ್ತಿ ಚೀಲವೇ ಪರಿಸರಕ್ಕೆ ಹೆಚ್ಚು ಭಾರ, ಸಾವಿರಾರು ಸಲ ಬಳಸಬೇಕು ಅಂತ ಓದಿದೆ. ನಿಜಾನಾ?

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ತಿಳಿದ ಮೇಲೆ ನಾನು ಹೆಣೆಯುವ ರೀತಿಯೇ ಬದಲಾಯಿತು.

ನೀವು ಓದಿದ್ದು ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಹೊರತಂದ ಲೆಕ್ಕ ಇರಬೇಕು. ಸಾಮಾನ್ಯ ಹತ್ತಿ ಚೀಲವನ್ನು 7100 ಸಲ ಬಳಸಿದರೆ ಮಾತ್ರ ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಅಂತ ಅದರಲ್ಲಿದೆ. ಆ ದೊಡ್ಡ ಸಂಖ್ಯೆ ಬಂದಿರೋದು ಓಝೋನ್ ಪದರಕ್ಕೆ ಆಗುವ ಹಾನಿಯನ್ನೂ ಸೇರಿಸಿ ಅಳೆದದ್ದರಿಂದ. ವಾತಾವರಣ ಬಿಸಿಯಾಗೋದನ್ನ ಮಾತ್ರ ನೋಡಿದರೆ ಅದೇ ವರದಿಯಲ್ಲಿ 52 ಸಲ ಸಾಕು. ವಿಶ್ವಸಂಸ್ಥೆಯ ಪರಿಸರ ಸಂಸ್ಥೆ 2020ರಲ್ಲಿ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ 50ರಿಂದ 150 ಸಲ ಅಂತ ಬಂತು.

ನಮ್ಮ ಲೆಕ್ಕಕ್ಕೆ ತರೋಣ. ವಾರಕ್ಕೆ ಎರಡು ಸಲ ತರಕಾರಿಗೆ ಹೋದರೆ ವರ್ಷಕ್ಕೆ 104. ಅಂದರೆ 52 ಸಲ ಆರೇ ತಿಂಗಳಲ್ಲಿ ಮುಗಿಯುತ್ತೆ, 150 ಸಲಕ್ಕೆ ಒಂದೂವರೆ ವರ್ಷ ಸಾಕು. 7100 ಸಲ ಅಂದರೆ ಸುಮಾರು ಎಪ್ಪತ್ತು ವರ್ಷ ಬೇಕು, ಅದು ಒಂದು ಚೀಲಕ್ಕೆ ಆಗದ ಮಾತು.

ಇನ್ನೊಂದನ್ನೂ ಗಮನಿಸಬೇಕು. ಡೆನ್ಮಾರ್ಕಿನ ಲೆಕ್ಕದಲ್ಲಿ ಬಳಸಿದ ಕವರ್ ಕಸದ ಬುಟ್ಟಿಗೆ ಹೋಗಿ ಕುಲುಮೆಯಲ್ಲಿ ಸುಟ್ಟು ಹೋಗುತ್ತೆ. ಬೀದಿಯಲ್ಲಿ ಬಿದ್ದ ಕವರಿನ ಹಾನಿ ಅದರಲ್ಲಿ ಸೇರಿಲ್ಲ. ನಮ್ಮಲ್ಲಿ ತೊಂದರೆ ಇರೋದೇ ಅಲ್ಲಿ. ಬೀಡಾಡಿ ಹಸು ತರಕಾರಿ ಸಿಪ್ಪೆ ಆಸೆಗೆ ಕವರನ್ನೇ ನುಂಗುತ್ತೆ. ಪಶುವೈದ್ಯರು ಆಪರೇಷನ್ ಮಾಡಿ ಕೆಜಿಗಟ್ಟಲೆ ಪ್ಲಾಸ್ಟಿಕ್ ತೆಗೆದ ಸುದ್ದಿ ಎಷ್ಟು ಸಲ ಓದಿಲ್ಲ.

ಹಾಗಂತ ಹತ್ತಿಯ ಭಾರವನ್ನು ನಾನು ತಳ್ಳಿಹಾಕಲ್ಲ. ಹತ್ತಿಗೆ ನೀರು ಬೇಕು, ಗೊಬ್ಬರ ಬೇಕು, ಔಷಧಿ ಹೊಡೆಯುತ್ತಾರೆ. ಹತ್ತು ಚೀಲ ಹೆಣೆದು ಒಂಬತ್ತನ್ನು ಬೀರುವಿನಲ್ಲಿ ಇಟ್ಟರೆ ಆ ಒಂಬತ್ತು ಪ್ಲಾಸ್ಟಿಕ್ಕಿಗಿಂತ ಕಡೆ. ಮೊದಲೆಲ್ಲ ನಾನು ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ ಚೀಲ ಹೆಣೆದು ಹಂಚುತ್ತಿದ್ದೆ. ಈಗ ಕೇಳಿದವರಿಗೆ ಮಾತ್ರ ಮಾಡಿಕೊಡುತ್ತೇನೆ. ಮನೆಗೆ ಎರಡು ಸಾಕು: ಒಂದು ಮೊಳೆಗೆ, ಒಂದು ಗಾಡಿಗೆ. ಆದಷ್ಟೂ ಹಳೇ ಬಟ್ಟೆಯಿಂದ.

ಚೀಲ ಇದೆ, ಆದರೆ ತಗೊಂಡು ಹೋಗೋದೇ ಮರೆಯುತ್ತೆ.

ಎಲ್ಲರಿಗೂ ಇದೇ ಕಷ್ಟ. ಅದಕ್ಕೇ ಬಲೆ ಚೀಲ ನನಗೆ ಹೆಚ್ಚು ಇಷ್ಟ, ಮಡಿಸಿದರೆ ಒಂದು ಮೂಸಂಬಿಯಷ್ಟು ಆಗುತ್ತೆ. ಸ್ಕೂಟರಿನ ಡಿಕ್ಕಿ, ಆಫೀಸ್ ಬ್ಯಾಗಿನ ಹೊರಜೇಬು, ಎಲ್ಲಿ ಬೇಕಾದರೂ ಇರುತ್ತೆ. ತರಕಾರಿ ಖಾಲಿ ಮಾಡಿದ ಕೂಡಲೇ ವಾಪಸ್ ಅಲ್ಲೇ ಇಡಬೇಕು, ಆಮೇಲೆ ಇಡೋಣ ಅಂದರೆ ಆಗಲ್ಲ. ನಮ್ಮನೆಯಲ್ಲಿ ಖಾಲಿ ಚೀಲವನ್ನು ಗಾಡಿ ಬೀಗದ ಕೈ ಜೊತೆ ಒಂದೇ ಮೊಳೆಗೆ ಹಾಕುತ್ತೇವೆ.

ಸೋವಿಯತ್ ಕಾಲದ ರಷ್ಯಾದಲ್ಲಿ ಜನ ಜೇಬಲ್ಲಿ ಯಾವಾಗಲೂ ಒಂದು ಬಲೆ ಚೀಲ ಇಟ್ಟುಕೊಂಡಿರುತ್ತಿದ್ದರಂತೆ. ಅಂಗಡಿಗೆ ಯಾವಾಗ ಏನು ಬರುತ್ತೋ ಗೊತ್ತಿರಲಿಲ್ಲ. ಅದರ ಹೆಸರು ಅವೊಸ್ಕಾ. "ಅವೊಸ್" ಅಂದರೆ "ಸಿಕ್ಕರೂ ಸಿಗಬಹುದು" ಅನ್ನೋ ಅರ್ಥ. ಎಷ್ಟು ಚೆಂದದ ಹೆಸರು!

ಮೀನು, ಮಾಂಸ ತರಬಹುದಾ?

ಬೇಡ. ಅದಕ್ಕೆ ಸ್ಟೀಲ್ ಡಬ್ಬಿ ಒಯ್ಯಿರಿ. ಇಡ್ಲಿ ಹಿಟ್ಟಿಗೂ ಅಷ್ಟೇ.

ಒಗೆಯೋದು ಹೇಗೆ?

ತಣ್ಣೀರು, ಸ್ವಲ್ಪ ಸೋಪು, ಕೈಯಲ್ಲಿ ಹಿಸುಕಿದರೆ ಸಾಕು. ಮಷಿನ್ನಿಗೆ ಹಾಕುವುದಾದರೆ ದಿಂಬಿನ ಕವರಿನೊಳಗೆ ಕಟ್ಟಿ ಹಾಕಿ, ಇಲ್ಲದಿದ್ದರೆ ಶರ್ಟಿನ ಗುಂಡಿಗೆಲ್ಲ ಸಿಕ್ಕಿಕೊಳ್ಳುತ್ತೆ. ಹಗ್ಗಕ್ಕೆ ಹಿಡಿಕೆಯಿಂದ ನೇತು ಹಾಕಬೇಡಿ. ಒದ್ದೆ ಹತ್ತಿಯ ಭಾರಕ್ಕೆ ಹಿಡಿಕೆ ಉದ್ದ ಆಗುತ್ತೆ. ಚಾಪೆ ಮೇಲೆ ಹರಡಿ ಒಣಗಿಸಿ. ಹತ್ತಿ ಚೀಲ ಹಿಗ್ಗಿದ್ದರೂ ಒಗೆದಾಗ ಸ್ವಲ್ಪ ಮುದುಡಿ ಅಳತೆಗೆ ಬರುತ್ತೆ. ಗಾಢ ಬಣ್ಣದ ನೂಲಾದರೆ ಮೊದಲೆರಡು ಒಗೆತ ಬೇರೆಯಾಗಿ.

ಹೆಣೆದು ಮಾರಿದರೆ ದುಡ್ಡಾಗುತ್ತಾ?

ಕ್ರೋಶಾ ಹೊಲಿಗೆಯನ್ನು ಇವತ್ತಿಗೂ ಮಷಿನ್ ಹಾಕಲ್ಲ. ನೀವು ನೋಡುವ ಪ್ರತಿ ಕ್ರೋಶಾ ಚೀಲದ ಹಿಂದೆಯೂ ಒಬ್ಬರ ಬೆರಳು ಇದೆ. ಇದನ್ನ ಮನಸ್ಸಲ್ಲಿಟ್ಟುಕೊಂಡು ಬೆಲೆ ಹಾಕಿ. ಏಳು ಗಂಟೆ ಕೆಲಸ, ಅದರ ಮೇಲೆ ನೂಲಿನ ಖರ್ಚು. ನಿಮ್ಮ ಕಡೆ ಒಂದು ದಿನದ ಕೂಲಿ ಎಷ್ಟು ನಡೆಯುತ್ತೋ ಅಷ್ಟಾದರೂ ಕೈಗೆ ಸಿಗಬೇಕು. ಆಂಧ್ರದ ನರಸಾಪುರದ ಸುತ್ತ ಹೆಂಗಸರು ನೂರು ವರ್ಷಕ್ಕೂ ಮೇಲಿಂದ ಮನೆಯಲ್ಲೇ ಕೂತು ಕ್ರೋಶಾ ಲೇಸ್ ಹೆಣೆಯುತ್ತಾ ಬಂದಿದ್ದಾರೆ. ಅದು ವಿದೇಶಕ್ಕೂ ಹೋಯಿತು. ಆದರೆ "ಮನೆ ಹೆಂಗಸರು ಬಿಡುವಲ್ಲಿ ಮಾಡೋದು" ಅನ್ನುವ ಮಾತಿಂದ ಅವರ ಕೈಗೆ ಬಂದ ಕೂಲಿ ತೀರಾ ಕಡಿಮೆ. ಬಿಡುವಲ್ಲಿ ಮಾಡಿದರೂ ಅದು ಕೆಲಸವೇ.

ಸ್ವಸಹಾಯ ಸಂಘದಲ್ಲಿ ಇದ್ದರೆ ಒಬ್ಬರು ಸೀರೆ ಹರಿಯೋದು, ಒಬ್ಬರು ತಳ, ಒಬ್ಬರು ಹಿಡಿಕೆ ಅಂತ ಹಂಚಿಕೊಳ್ಳಿ. ಬೇಗ ಆಗುತ್ತೆ, ಅಳತೆಯೂ ಒಂದೇ ಥರ ಬರುತ್ತೆ.

ಮಕ್ಕಳಿಗೆ ಕಲಿಸಬಹುದಾ?

ಎಂಟು ಒಂಬತ್ತು ವರ್ಷದಿಂದ ಕಲಿಯುತ್ತಾರೆ. ಹುಡುಗರಿಗೂ ಕಲಿಸಿ. ಮೊದಲು ದಪ್ಪ ಕಡ್ಡಿ, ತಿಳಿ ಬಣ್ಣದ ನೂಲು ಕೊಡಿ, ಕಪ್ಪು ನೂಲಲ್ಲಿ ಕುಣಿಕೆ ಕಾಣಲ್ಲ. ಚೀಲ ಒಂದೇ ಸಲ ಬೇಡ. ನೀರಿನ ಬಾಟಲಿ ಹಾಕುವ ಸಣ್ಣ ಬಲೆ ಮಾಡಿಸಿ, ಎರಡು ದಿನದಲ್ಲಿ ಮುಗಿದು ಶಾಲೆಗೆ ಒಯ್ಯಬಹುದು.

ಹಳತಾಗಿ ಹರಿದ ಮೇಲೆ ಏನು ಮಾಡೋದು?

ಮೊದಲು ತಳ ಸವೆಯುತ್ತೆ. ನೆಲದ ಮೇಲೆ ಇಟ್ಟು ಎತ್ತಿ, ಇಟ್ಟು ಎತ್ತಿ ಅಲ್ಲಿ ನೂಲು ಪಿಸಿಯುತ್ತೆ. ನನ್ನ ಹಸಿರು ಚೀಲಕ್ಕೆ ನಾಲ್ಕನೇ ವರ್ಷ ಹಾಗಾಯಿತು. ಬಲೆಯ ಮೊದಲ ಸುತ್ತಿನ ಕುಣಿಕೆಗಳಿಗೆ ಬೇರೆ ಬಣ್ಣದ ದಾರ ಪೋಣಿಸಿ ಹಿಡಿದುಕೊಂಡು, ಹಳೇ ತಳ ಕತ್ತರಿಸಿ ತೆಗೆದೆ. ಬೂದು ನೂಲಲ್ಲಿ ಹೊಸ ತಳ 72 ಹೊಲಿಗೆಗೆ ಹೆಣೆದು, ಸೂಜಿಯಲ್ಲಿ ಕುಣಿಕೆಗೆ ಕುಣಿಕೆ ಸೇರಿಸಿದೆ. ಒಂದು ಸಂಜೆ ಹಿಡಿಯಿತು. ಈಗಲೂ ಅದರಲ್ಲೇ ತರಕಾರಿ ತರುತ್ತೇನೆ.

ಕತ್ತರಿಸಿದ ಹಳೇ ತಳ ಒಂದು ವರ್ಷ ಬಿಸಿ ಪಾತ್ರೆ ಇಡುವ ಮಣೆಯ ಮೇಲೆ ಇತ್ತು. ಆಮೇಲೆ ಸಣ್ಣಗೆ ಕತ್ತರಿಸಿ ಗೊಬ್ಬರದ ಮಡಕೆಗೆ ಹಾಕಿದೆ. ಮಳೆಗಾಲ ಮುಗಿದು ಮಡಕೆ ಕೆದಕಿದಾಗ ಹುಡುಕಿದರೂ ಸಿಗಲಿಲ್ಲ.